ಎಮ್ಮಿಗನೂರಿನಿಂದ ಕಡಲ ವಿಜ್ಞಾನದ ಓದಿಗೆ

ಬಳ್ಳಾರಿ ಜಿಲ್ಲೆಯ ಕಂಪ್ಲಿ, ಎಮ್ಮಿಗನೂರುಗಳ ಆಸುಪಾಸಿನಲ್ಲಿ ಹಾಯುವ ಅಕ್ಷಾಂಶ ರೇಖೆಯನ್ನು ನಕ್ಷೆಯಲ್ಲಿ ಪಶ್ಚಿಮಕ್ಕೆ ಎಳೆದರೆ ಅದು ಸುಮಾರು ಮುನ್ನೂರು ಕಿಲೋಮೀಟರು ಸಾಗಿ ಗೋವಾದ ಮರ್ಮಗೋವಾ ಬಂದರಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಪೂರ್ವಕ್ಕೆ ಎಳೆದರೆ ಇನ್ನೂ ಐವತ್ತು ಅರವತ್ತು ಕಿಲೋಮೀಟರು ಹೆಚ್ಚಿಗೆ ಹೋಗಿ ಆಂಧ್ರದ ಒಂಗೋಲಿನ ಸುತ್ತಮುತ್ತ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಎರಡು ಕಡಲುಗಳ ನಡುವೆ ಹೆಚ್ಚುಕಡಿಮೆ ಮಧ್ಯದಲ್ಲಿರುವ, ಭತ್ತ, ಕಬ್ಬು, ಬಾಳೆ ಬೆಳೆಯುವ ಈ ಸೀಮೆಯಲ್ಲಿ ಪಿಯುಸಿ ಮುಗಿಸಿದ ಹುಡುಗನೋ ಹುಡುಗಿಯೋ ಸಾಗರವಿಜ್ಞಾನ ಓದಬೇಕೆಂದು ಹೇಳಿದರೆ, ಅದು ಮಂಗಳೂರು, ಕಾರವಾರದವರಿಗೆ ಹೇಳಿಸಿದ ಓದಲ್ಲವೇ ಎಂದು ಮನೆಯವರು ಕೇಳುವುದು ಸಹಜ. ಆದರೆ ಈ ಸೀಮೆಯ ಬದುಕು ನಿಂತಿರುವ ನೀರಿನ ಲೆಕ್ಕವನ್ನು ಹಿಂದಕ್ಕೆ ಹಿಡಿದು ಹೋದರೆ ಅದು ಕಾಲುವೆಯಿಂದ ಅಣೆಕಟ್ಟೆಗೆ, ಅಣೆಕಟ್ಟೆಯಿಂದ ಮಲೆನಾಡಿಗೆ, ಮಲೆನಾಡಿನಿಂದ ಅರಬ್ಬಿ ಸಮುದ್ರಕ್ಕೆ ಹೋಗಿ ತಲುಪುವುದರಿಂದ, ಕಡಲಿನ ವಿದ್ಯೆ ಕರಾವಳಿಯವರಿಗಷ್ಟೇ ಸೇರಿದ್ದೆಂಬ ಗ್ರಹಿಕೆಗೆ ಆಧಾರವಿಲ್ಲ.

ತುಂಗಾ ಮತ್ತು ಭದ್ರಾ ಪಶ್ಚಿಮ ಘಟ್ಟದ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗಿ, ಮುಂದೆ ವರದಾ ನದಿಯನ್ನೂ ಕೂಡಿಸಿಕೊಂಡು ಹೊಸಪೇಟೆಯ ಅಣೆಕಟ್ಟೆಗೆ ಬರುತ್ತವೆ. ಹೊಸಪೇಟೆ, ಕಂಪ್ಲಿ, ಬಳ್ಳಾರಿಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಚೀಚೆಯದು. ನದಿಯ ಮೇಲ್ಭಾಗದ ಆಗುಂಬೆಯಲ್ಲಿ ಅದು ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿದೆ. ಆದ್ದರಿಂದ ಈ ತುಂಗಭದ್ರಾ ಅಣೆಕಟ್ಟೆಯ, ಅಂದರೆ ಟಿಬಿ ಡ್ಯಾಮಿನ, ಒಳಹರಿವು ಏರುವುದು ಎಮ್ಮಿಗನೂರಿನ ಗದ್ದೆಗಳ ಮೇಲೆ ಮೋಡ ಕಟ್ಟಿದಾಗಲ್ಲ. ಅರಬ್ಬಿ ಸಮುದ್ರದ ಮೇಲಿಂದ ತೇವ ಹೊತ್ತು ಬರುವ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಂಪಾಗಿ ನೀರಿಳಿಸಿದಾಗ. ಆ ಗಾಳಿಯೂ ಅರಬ್ಬಿ ಸಮುದ್ರದಲ್ಲೇ ಹುಟ್ಟಿದ್ದಲ್ಲ. ದಕ್ಷಿಣ ಗೋಲಾರ್ಧದಿಂದ ಹೊರಟು, ಆಫ್ರಿಕಾದ ಪೂರ್ವ ತೀರದ ಬಳಿ ಸಮಭಾಜಕವನ್ನು ದಾಟಿ, ಸೊಮಾಲಿಯಾದ ಕರಾವಳಿಗುಂಟ ಬಿರುಸಾಗಿ ಸಾಗಿ ಭಾರತದತ್ತ ತಿರುಗುವ, ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ ಅತ್ಯಂತ ವೇಗವಾಗಿರುವ ಈ ಗಾಳಿಯ ಹೊನಲನ್ನು 1969ರಲ್ಲಿ ಬ್ರಿಟಿಷ್ ಹವಾಮಾನ ತಜ್ಞ ಫಿಂಡ್‌ಲೇಟರ್ ವಿವರವಾಗಿ ಗುರುತಿಸಿದ ಕಾರಣ ಅದಕ್ಕೆ ಅವನ ಹೆಸರೇ ನಿಂತಿದೆ. ಅದು ಬಲಗೊಂಡು, ಕರ್ನಾಟಕ ಕೇರಳಗಳ ತೀರಕ್ಕೆ ಸಮಾನಾಂತರವಾಗಿ ಕಡಲ ಮೇಲೆ ಕಡಿಮೆ ಒತ್ತಡದ ಉದ್ದನೆಯ ಪಟ್ಟಿಯೊಂದು ಏರ್ಪಟ್ಟಿತೆಂದರೆ ಕೆಲವೇ ದಿನಗಳಲ್ಲಿ ಡ್ಯಾಮಿನ ಒಳಹರಿವು ಸಾವಿರಗಳಿಂದ ಲಕ್ಷ ಕ್ಯುಸೆಕ್ಕಿಗೆ ಜಿಗಿಯುವುದೂ, ನದಿಗೆ ನೀರು ಬಿಟ್ಟೊಡನೆ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಟ್ಟಾಗುವುದೂ ಈ ಭಾಗದವರು ಕಂಡಿರುವ ಸಂಗತಿಗಳೇ.

ಅಣೆಕಟ್ಟೆ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105.788 ಟಿಎಂಸಿಗೆ ಇಳಿದಿರುವುದರಿಂದ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂಬುದನ್ನು ನೆನೆದರೆ, ಪ್ರತಿ ಮುಂಗಾರಿನ ಹೆಚ್ಚು ಕಡಿಮೆಯ ಪೆಟ್ಟು ಮೊದಲಿಗಿಂತ ಬಿರುಸಾಗಿ ತಟ್ಟುತ್ತದೆ. 2024ರ ಆಗಸ್ಟಿನಲ್ಲಿ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಗಿ, ತುಂಬಿದ್ದ ಜಲಾಶಯದಿಂದ ನೀರನ್ನು ಹೊರಬಿಡಬೇಕಾಗಿ ಬಂದಾಗ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸಿದ ಎಂಜಿನಿಯರುಗಳ ಸಾಹಸದ ಬಗ್ಗೆ ನಾಡಿನ ಪತ್ರಿಕೆಗಳು ಧಾರಾಳವಾಗಿ ಬರೆದವು. ಉಳಿದ ಮುಂಗಾರಿನಲ್ಲಿ ಜಲಾಶಯ ಮತ್ತೆ ತುಂಬೀತೇ, ಎರಡನೇ ಬೆಳೆಗೆ ನೀರು ಸಿಕ್ಕೀತೇ ಎಂಬುದು ಆಗ ರೈತರನ್ನು ಕಾಡಿದ ಪ್ರಶ್ನೆ. ಗೇಟಿನ ಪ್ರಶ್ನೆ ಎಂಜಿನಿಯರಿಂಗಿನದಾದರೆ, ಈ ಎರಡನೆಯದು ಕಡಲ ಮತ್ತು ಹವೆಯ ವಿಜ್ಞಾನದ್ದು. ಜಲಾಶಯ ಮತ್ತೆ ತುಂಬಿತು. ಆದರೆ ಎಲ್ಲ ವರ್ಷವೂ ಹಾಗಾಗುವುದಿಲ್ಲ.

ಪಶ್ಚಿಮದ ಕಡಲು ಡ್ಯಾಮು ತುಂಬಿಸಿದರೆ, ಪೂರ್ವದ ಕಡಲು ಕೊಯ್ಲಿನ ಹೊತ್ತಿಗೆ ಕಾಡುತ್ತದೆ. ಚಿತ್ತೆ, ಸ್ವಾತಿ ಮಳೆಗಳ ಕಾಲಕ್ಕೆ, ಅಂದರೆ ಅಕ್ಟೋಬರ್ ನವೆಂಬರಿನಲ್ಲಿ, ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತ ಮತ್ತು ಚಂಡಮಾರುತಗಳು ಆಂಧ್ರದ ತೀರವನ್ನು ದಾಟಿ ಒಳನಾಡಿಗೆ ಬಂದರೆ, ತೆನೆ ಬಲಿತು ಬಾಗಿದ ಸೋನಾ ಮಸೂರಿ ಭತ್ತ ನೆಲಕ್ಕೊರಗಿ, ಕಾಳು ಕೆಸರಿನಲ್ಲೇ ಮೊಳೆಯುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನೂ ಕರ್ನೂಲನ್ನೂ ಮುಳುಗಿಸಿ, ತುಂಗಭದ್ರೆಯ ಪ್ರವಾಹ ಮಂತ್ರಾಲಯದೊಳಕ್ಕೆ ನುಗ್ಗುವಂತೆ ಮಾಡಿದ ಮಳೆಯ ಬೇರೂ ಬಂಗಾಳ ಕೊಲ್ಲಿಯಲ್ಲಿತ್ತು. ಹೀಗೆ ನಾಟಿಯ ನೀರಿಗೆ ಒಂದು ಕಡಲು, ಕೊಯ್ಲಿನ ಆತಂಕಕ್ಕೆ ಇನ್ನೊಂದು ಕಡಲು ಕಾರಣವಾಗಿರುವ ಸೀಮೆ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಸಿಗುವುದು ಕಷ್ಟ.

ಒಂದೇ ಅಕ್ಷಾಂಶದಲ್ಲಿರುವ ಈ ಎರಡು ಕಡಲುಗಳು ಏಕೆ ಇಷ್ಟು ಬೇರೆ ಬೇರೆಯಾಗಿ ವರ್ತಿಸುತ್ತವೆ ಎಂಬ ಪ್ರಶ್ನೆ ಸಾಗರವಿಜ್ಞಾನ ಎಂದರೇನೆಂದು ತಿಳಿಯಲು ಒಳ್ಳೆಯ ಬಾಗಿಲು. ಮುಂಗಾರಿನ ಬಿರುಗಾಳಿ ಅರಬ್ಬಿ ಸಮುದ್ರದ ಮೇಲ್ಪದರವನ್ನು ಕಲಕಿ ಆಳದ ತಣ್ಣೀರನ್ನು ಬೆರೆಸುತ್ತದೆ. ಭೂಮಿಯ ಆವರ್ತನೆಯ ಪರಿಣಾಮದಿಂದ, ಉತ್ತರ ಗೋಲಾರ್ಧದಲ್ಲಿ ಗಾಳಿ ತಳ್ಳಿದ ಮೇಲ್ಪದರದ ನೀರು ಒಟ್ಟಾರೆಯಾಗಿ ಗಾಳಿಯ ದಿಕ್ಕಿನ ಬಲಕ್ಕೆ ಸರಿಯುವುದರಿಂದ, ಸೊಮಾಲಿಯಾದ ತೀರದಲ್ಲಿ ನೀರು ದಡದಿಂದ ಆಚೆ ಸರಿದು, ಆ ಜಾಗಕ್ಕೆ ಆಳದಿಂದ ತಣ್ಣನೆಯ ನೀರು ಮೇಲೇರುತ್ತದೆ. ಹೀಗಾಗಿ ಬೇಸಿಗೆಯ ಕೊನೆಗೆ ಬೆಚ್ಚಗಿದ್ದ ಅರಬ್ಬಿ ಸಮುದ್ರ ಮುಂಗಾರು ಶುರುವಾದ ಮೇಲೆ ತಣ್ಣಗಾಗುತ್ತದೆ. ಬಂಗಾಳ ಕೊಲ್ಲಿಯ ಪರಿಸ್ಥಿತಿ ಬೇರೆ. ಗಂಗಾ, ಬ್ರಹ್ಮಪುತ್ರಾ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣೆಯರು ಸುರಿಯುವ ಸಿಹಿನೀರೂ, ಅಲ್ಲಿಯೇ ಬೀಳುವ ಮಳೆಯೂ ಸೇರಿ ಕಡಲ ಮೇಲೆ ಉಪ್ಪು ಕಡಿಮೆಯಿರುವ ಹಗುರ ನೀರಿನ ತೆಳುಪದರವನ್ನು ಹಾಸುತ್ತವೆ. ಹಗುರ ನೀರು ಕೆಳಗಿನ ಭಾರದ ನೀರಿನೊಂದಿಗೆ ಸುಲಭವಾಗಿ ಬೆರೆಯದ ಕಾರಣ ಬಿಸಿಲಿನ ಶಾಖ ಮೇಲೆಯೇ ಉಳಿದು, ಮಳೆಗಾಲದುದ್ದಕ್ಕೂ ಆ ಕಡಲು ಬೆಚ್ಚಗೇ ಇದ್ದು, ಒಂದರ ಹಿಂದೆ ಒಂದರಂತೆ ವಾಯುಭಾರ ಕುಸಿತಗಳನ್ನು ಹುಟ್ಟಿಸುತ್ತಿರುತ್ತದೆ. ಎರಡೂ ಕಡಲುಗಳ ಶಾಖದ ಜಮಾಖರ್ಚನ್ನು ಅಳತೆಗಳ ಆಧಾರದ ಮೇಲೆ ಹೋಲಿಸಿ 2002ರಲ್ಲಿ ಪ್ರಕಟಿಸಿದವರು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಶೆಣೈ, ಶಂಕರ್ ಮತ್ತು ಶೆಟ್ಟೆ. ಹೊಸಪೇಟೆಯ ಮೇಲಿಂದ ಹರಿದು ಕೃಷ್ಣೆಯನ್ನು ಸೇರುವ ತುಂಗಭದ್ರೆಯ ನೀರಿಗೂ ಈ ಸಿಹಿಪದರದಲ್ಲಿ ಸಣ್ಣದೊಂದು ಪಾಲಿದೆ.

ಬರಗಾಲಕ್ಕೂ ದೂರದ ಕಡಲಿಗೂ ಸಂಬಂಧವಿದೆಯೆಂಬ ತಿಳಿವಳಿಕೆ ಬಂದ ಚರಿತ್ರೆಯಲ್ಲಿ ಬಳ್ಳಾರಿ ಸೀಮೆ ನೋವಿನ ಪಾತ್ರ ವಹಿಸಿದೆ. ಹಳೆಯ ಮೈಸೂರಿನವರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ 1876-78ರ ಮಹಾಕ್ಷಾಮ, ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯನ್ನು ತೀರಾ ನಲುಗಿಸಿತು. ಭಾರತದ ಹವಾಮಾನ ಇಲಾಖೆ ಅದಕ್ಕೆ ಒಂದು ವರ್ಷ ಮೊದಲಷ್ಟೇ, 1875ರಲ್ಲಿ, ಸ್ಥಾಪನೆಯಾಗಿತ್ತು; ಕ್ಷಾಮದ ನಂತರ, ಮುಂಗಾರನ್ನು ಮುಂಚಿತವಾಗಿ ಹೇಳಬೇಕೆಂಬ ಒತ್ತಡ ಅದರ ಮೇಲೆ ಬಿತ್ತು. 1904ರಲ್ಲಿ ಇಲಾಖೆಯ ಮುಖ್ಯಸ್ಥನಾದ ಗಣಿತಜ್ಞ ಗಿಲ್ಬರ್ಟ್ ವಾಕರ್ ಜಗತ್ತಿನ ಹಲವೆಡೆಯ ಹವಾಮಾನದ ದಾಖಲೆಗಳನ್ನು ತಾಳೆ ಹಾಕಿ, ಪೆಸಿಫಿಕ್ ಸಾಗರದ ಮೇಲಿನ ವಾಯುಭಾರ ಒಂದು ಕಡೆ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವ ಏರಿಳಿತವನ್ನು 1920ರ ದಶಕದಲ್ಲಿ ವಿವರಿಸಿದ. ದಕ್ಷಿಣ ಅಮೆರಿಕದ ಪೆರು ದೇಶದ ತೀರದಾಚೆ ಪೆಸಿಫಿಕ್ ಸಾಗರ ವಾಡಿಕೆಗಿಂತ ಬೆಚ್ಚಗಾಗುವ ಎಲ್ ನಿನೊ ವಿದ್ಯಮಾನಕ್ಕೂ ಈ ಏರಿಳಿತಕ್ಕೂ ನಂಟಿರುವುದು ನಂತರ ಖಚಿತವಾಯಿತು. 1877-78ರಲ್ಲಿ ಬಹಳ ಬಲವಾದ ಎಲ್ ನಿನೊ ಇತ್ತೆಂಬುದು ಇಂದು ಎಲ್ಲರೂ ಒಪ್ಪುವ ಮಾತು. ತುಂಗಭದ್ರಾ ಜಲಾಶಯ ತುಂಬದೆ ಹೋದ 2023ರಲ್ಲೂ ಎಲ್ ನಿನೊ ಇತ್ತು.

ಆದರೆ ಎಲ್ ನಿನೊ ಬಂದರೆ ಮಳೆ ಕೈಕೊಟ್ಟಿತೆಂದೇ ಲೆಕ್ಕ ಎನ್ನುವುದು ಟೀವಿ ವಾಹಿನಿಗಳ ಅವಸರದ ತೀರ್ಮಾನ. 1997ರ ಎಲ್ ನಿನೊ ಕಳೆದ ಶತಮಾನದ ಅತಿ ಬಲಿಷ್ಠವಾದವುಗಳಲ್ಲಿ ಒಂದಾಗಿದ್ದರೂ ಆ ವರ್ಷ ಭಾರತದ ಮುಂಗಾರು ವಾಡಿಕೆಯಷ್ಟೇ ಆಯಿತು. 2002ರ ಎಲ್ ನಿನೊ ಅಷ್ಟೇನೂ ಬಲವಾಗಿರದಿದ್ದರೂ ಆ ಜುಲೈನಲ್ಲಿ ದೇಶಕ್ಕೆ ಬಿದ್ದದ್ದು ವಾಡಿಕೆಯ ಸುಮಾರು ಅರ್ಧದಷ್ಟು ಮಳೆ. ಈ ಒಗಟಿನ ಒಂದು ಭಾಗಕ್ಕೆ ಹಿಂದೂ ಮಹಾಸಾಗರದಲ್ಲೇ ಉತ್ತರವಿದೆ. ಆ ಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವದ ಸುಮಾತ್ರಾ ತೀರ ತಣ್ಣಗಾಗುವ, ಕೆಲವೊಮ್ಮೆ ಅದು ತಿರುವುಮುರುವಾಗುವ, ಹಾಗೆ ಎಲ್ ನಿನೊದ ಪೆಟ್ಟನ್ನು ತಗ್ಗಿಸಲೂ ಹೆಚ್ಚಿಸಲೂ ಬಲ್ಲ ದ್ವಿಧ್ರುವ ಸ್ಥಿತಿಯನ್ನು 1999ರಲ್ಲಿ 'ನೇಚರ್' ಪತ್ರಿಕೆಯ ಪ್ರಬಂಧವೊಂದು ಜಗತ್ತಿಗೆ ತಿಳಿಸಿತು. ಅದರ ನಾಲ್ವರು ಲೇಖಕರಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಪಿ.ಎನ್. ವಿನಯಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಸಾಲಿಗೆ ಸೇರಿದವರು.

ಕರ್ನಾಟಕದಲ್ಲಿ ಈ ವಿದ್ಯೆಯ ಭೌತಶಾಸ್ತ್ರದ ಕವಲು ಬೆಳೆದದ್ದು ಮುಖ್ಯವಾಗಿ ಆ ಸಂಸ್ಥೆಯಲ್ಲೇ. ಅಂದರೆ ಕರಾವಳಿಯಲ್ಲಲ್ಲ, ಸಮುದ್ರಮಟ್ಟದಿಂದ ಒಂಬೈನೂರು ಮೀಟರು ಎತ್ತರದ ಬೆಂಗಳೂರಿನಲ್ಲಿ. 1982ರಲ್ಲಿ ಅಲ್ಲಿ ಹುಟ್ಟಿದ ವಾತಾವರಣ ವಿಜ್ಞಾನ ಕೇಂದ್ರ ಮುಂದೆ ವಾತಾವರಣ ಮತ್ತು ಸಾಗರವಿಜ್ಞಾನ ಕೇಂದ್ರವಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ಸುಲೋಚನಾ ಗಾಡ್ಗೀಳ್ (1944-2025) ಗಣಿತದ ಹಾದಿಯಿಂದ ಮುಂಗಾರಿನ ಅಧ್ಯಯನಕ್ಕೆ ಬಂದವರು. ಉಪಗ್ರಹ ಚಿತ್ರಗಳನ್ನು ದಿನದಿನವೂ ಪರಿಶೀಲಿಸಿ, ಮಳೆಮೋಡಗಳ ಪಟ್ಟಿ ಸಮಭಾಜಕದ ಬಳಿಯ ಕಡಲಿನಿಂದ ಹೊರಟು ಎರಡರಿಂದ ಆರು ವಾರಗಳಿಗೊಮ್ಮೆ ಉತ್ತರದ ನೆಲದತ್ತ ಸರಿಯುತ್ತದೆಂದು ಡಿ.ಆರ್. ಸಿಕ್ಕಾ ಅವರ ಜೊತೆಗೂಡಿ 1980ರಲ್ಲಿ ತೋರಿಸಿದ್ದು ಅವರ ಹೆಸರಾಂತ ಕೆಲಸ. 1984ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಅವರು ಗಮನಕ್ಕೆ ತಂದ ಇನ್ನೊಂದು ಸಂಗತಿಯೆಂದರೆ, ಕಡಲ ಮೇಲ್ಮೈಯ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದಲ್ಲಿ ಮಾತ್ರ ದಟ್ಟ ಮಳೆಮೋಡಗಳ ಸಾಧ್ಯತೆ ಒಮ್ಮೆಲೇ ಹೆಚ್ಚುತ್ತದೆ ಎಂಬುದು. ಮಳೆಯಾಶ್ರಿತ ಶೇಂಗಾ ಬೆಳೆಯುವ ಪಾವಗಡದ ರೈತರೊಂದಿಗೆ ಕೂತು, ಯಾವ ವಾರದಲ್ಲಿ ಬಿತ್ತಿದರೆ ನಷ್ಟದ ಸಾಧ್ಯತೆ ಕಡಿಮೆ ಎಂಬುದನ್ನು ಹಳೆಯ ಮಳೆ ದಾಖಲೆಗಳಿಂದ ಲೆಕ್ಕ ಹಾಕುವ ಕೆಲಸವನ್ನೂ ಅವರು ಮಾಡಿದರು. ಪಾವಗಡದ ನೆಲವೂ ಬಳ್ಳಾರಿಯ ಬಯಲಿನಂತೆಯೇ ಬರ ಕಂಡದ್ದು.

ಕಾಲೇಜಿನಲ್ಲಿ ಕಲಿಸುವ ಸಾಗರವಿಜ್ಞಾನ ಒಂದೇ ವಿಷಯವಲ್ಲ. ಕಡಲ ನೀರಿನ ಚಲನೆ, ಅಲೆ, ಉಬ್ಬರವಿಳಿತ, ಶಾಖಗಳನ್ನು ಓದುವ ಭೌತ ಸಾಗರವಿಜ್ಞಾನ, ನೀರಿನ ಲವಣ ಮತ್ತು ಅನಿಲಗಳನ್ನು ಓದುವ ರಾಸಾಯನಿಕ ಕವಲು, ಜೀವಿಗಳನ್ನು ಓದುವ ಜೈವಿಕ ಕವಲು, ಕಡಲತಳದ ಶಿಲೆ ಮತ್ತು ಮಡ್ಡಿಯನ್ನು ಓದುವ ಭೂವೈಜ್ಞಾನಿಕ ಕವಲು ಎಂದು ಅದು ಟಿಸಿಲೊಡೆದಿದೆ. ಕಡಲ ಹವಾಮಾನಶಾಸ್ತ್ರ ಇವುಗಳಲ್ಲಿ ಮೊದಲನೆಯದಕ್ಕೆ ಹತ್ತಿರದ ನೆಂಟ: ಕಡಲೂ ಗಾಳಿಯೂ ಮುಟ್ಟುವ ಮೇಲ್ಮೈಯಲ್ಲಿ ಶಾಖ, ತೇವ ಮತ್ತು ವೇಗ ಹೇಗೆ ಕೈ ಬದಲಾಗುತ್ತವೆ, ಚಂಡಮಾರುತ ಹೇಗೆ ಹುಟ್ಟಿ ಎತ್ತ ಸಾಗುತ್ತದೆ, ಮಂಜು, ಬಿರುಗಾಳಿ, ಅಲೆಗಳ ಮುನ್ಸೂಚನೆಯನ್ನು ಹಡಗಿಗೂ ಮೀನುಗಾರರಿಗೂ ಹೇಗೆ ಕೊಡಬೇಕು ಎಂಬುದು ಅದರ ವ್ಯಾಪ್ತಿ. ನೆಲದಿಂದ ಆಕಾಶದ ಅಂಚಿನವರೆಗಿನ ಇಡೀ ಗಾಳಿಯ ಕಂಬವನ್ನು ಒಂದು ಡಿಗ್ರಿ ಬೆಚ್ಚಗಾಗಿಸಲು ಬೇಕಾಗುವ ಶಾಖ, ಕಡಲಿನ ಮೇಲಿನ ಬರೀ ಎರಡೂವರೆ ಮೂರು ಮೀಟರು ನೀರನ್ನು ಅಷ್ಟೇ ಬೆಚ್ಚಗಾಗಿಸಲು ಸಾಲುತ್ತದೆ ಎಂಬ ಒಂದೇ ಲೆಕ್ಕದಿಂದ, ಹವೆಯನ್ನು ಅರಿಯಲು ಕಡಲನ್ನು ಏಕೆ ಅಳೆಯಬೇಕೆಂಬುದು ವಿದ್ಯಾರ್ಥಿಗೆ ಮನದಟ್ಟಾಗುತ್ತದೆ.

ಅಳೆಯುವುದು ಮಾತಿನಷ್ಟು ಸುಲಭವಲ್ಲ. ಒಂದು ಸಾವಿರ ಮೀಟರು ಆಳದ ನೀರಿನ ಉಷ್ಣತೆ ತಿಳಿಯಲು ಮಾಮೂಲಿ ಪಾದರಸದ ಉಷ್ಣತಾಮಾಪಕವನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರೆ, ಅದನ್ನು ಮೇಲಕ್ಕೆಳೆದುಕೊಳ್ಳುವ ಹೊತ್ತಿಗೆ ಮೇಲ್ಪದರದ ಬೆಚ್ಚನೆಯ ನೀರು ಅದರ ಓದನ್ನು ಕೆಡಿಸಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದು ನೂರು ವರ್ಷ ಬಾಳಿದ ತಲೆಕೆಳಗಾಗುವ ಉಷ್ಣತಾಮಾಪಕ ಈ ತೊಡಕನ್ನು ಬಗೆಹರಿಸಿದ ರೀತಿ ಸೊಗಸಾದದ್ದು. ಅದರ ಗಾಜಿನ ನಾಳದಲ್ಲಿ ಒಂದು ಕಡೆ ಸಣ್ಣ ಹಿಚುಕು ಇರುತ್ತದೆ. ಬೇಕಾದ ಆಳದಲ್ಲಿ ಉಪಕರಣ ಕೆಲ ನಿಮಿಷ ನಿಂತ ಮೇಲೆ, ತಂತಿಯ ಗುಂಟ ಹಿತ್ತಾಳೆಯ ತೂಕವೊಂದನ್ನು ಜಾರಿಬಿಟ್ಟರೆ ಅದು ಹೋಗಿ ಕೊಂಡಿಗೆ ಬಡಿದು, ನೀರು ಹಿಡಿಯುವ ಸೀಸೆಯ ಜೊತೆ ಉಷ್ಣತಾಮಾಪಕವೂ ಮಗುಚಿಕೊಳ್ಳುತ್ತದೆ, ಆ ಕ್ಷಣಕ್ಕೆ ಪಾದರಸದ ಎಳೆ ಹಿಚುಕಿನಲ್ಲಿ ಕತ್ತರಿಸಿ ಇನ್ನೊಂದು ತುದಿಗೆ ಇಳಿದು ಅಲ್ಲಿಯೇ ಉಳಿಯುತ್ತದೆ. ತುಂಡಾದ ಎಳೆಯ ಉದ್ದವೇ ಆ ಆಳದ ಉಷ್ಣತೆಯ ಲೆಕ್ಕ. ಜೊತೆಗೆ ನೀರಿನ ಒತ್ತಡಕ್ಕೆ ತೆರೆದಿಟ್ಟ ಇನ್ನೊಂದು ಉಷ್ಣತಾಮಾಪಕವನ್ನು ಕಟ್ಟಿದ್ದರೆ, ಒತ್ತಡದಿಂದ ಅದು ತೋರುವ ಹೆಚ್ಚುವರಿ ಏರಿಕೆಯಿಂದ ಉಪಕರಣ ಮಗುಚಿದ ಆಳವೂ ತಿಳಿಯುತ್ತದೆ. ಇಂದು ವಿದ್ಯುತ್ ವಾಹಕತೆ, ಉಷ್ಣತೆ, ಆಳಗಳನ್ನು ಒಟ್ಟಿಗೆ ಅಳೆಯುವ ಸಿಟಿಡಿ ಎಂಬ ಉಪಕರಣ ಆ ಜಾಗಕ್ಕೆ ಬಂದಿದೆ. ಕಡಲ ನೀರಿನಲ್ಲಿ ಕಿಲೋಗ್ರಾಮಿಗೆ ಸರಾಸರಿ 35 ಗ್ರಾಮಿನಷ್ಟಿರುವ ಉಪ್ಪನ್ನು ಹಿಂದೆ ಬೆಳ್ಳಿಯ ನೈಟ್ರೇಟಿನಿಂದ ತೊಟ್ಟು ತೊಟ್ಟಾಗಿ ಕಂಡುಹಿಡಿಯುತ್ತಿದ್ದವರು ಈಗ ಅದನ್ನು ವಾಹಕತೆಯಿಂದಲೇ ಲೆಕ್ಕ ಹಾಕುತ್ತಾರೆ.

ಹಡಗು ಹೋಗದ ಕಡೆಯೂ ಅಳತೆ ನಡೆಯುವಂತಾದದ್ದು ಆರ್ಗೊ ತೇಲುಯಂತ್ರಗಳಿಂದ. ಸುಮಾರು ಆಳೆತ್ತರದ ಈ ಕೊಳವೆಯಾಕಾರದ ಯಂತ್ರಗಳು ಒಂದು ಸಾವಿರ ಮೀಟರು ಆಳದಲ್ಲಿ ತೇಲಾಡುತ್ತಿದ್ದು, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ಮೇಲೇರುತ್ತ ಉಷ್ಣತೆ ಮತ್ತು ಲವಣಾಂಶವನ್ನು ಅಳೆದು, ಮೇಲೆ ಬಂದೊಡನೆ ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತವೆ. ಜಗತ್ತಿನ ಸಾಗರಗಳಲ್ಲಿ ಇಂತಹವು ನಾಲ್ಕು ಸಾವಿರದ ಆಸುಪಾಸಿನಲ್ಲಿವೆ. ಇಷ್ಟೆಲ್ಲ ಇದ್ದರೂ ಹಡಗಿನವರ ಕಣ್ಣಳತೆಗೆ ಬೆಲೆ ಹೋಗಿಲ್ಲ. ವ್ಯಾಪಾರದ ಹಡಗುಗಳ ಅಧಿಕಾರಿಗಳು ಇಂದಿಗೂ ಆರು ಗಂಟೆಗೊಮ್ಮೆ, ಭಾರತದ ಸಮಯದಲ್ಲಿ ಹೇಳುವುದಾದರೆ ಐದೂವರೆಗೆ ಮತ್ತು ಹನ್ನೊಂದೂವರೆಗೆ, ಗಾಳಿ, ಒತ್ತಡ, ಮೋಡ, ಅಲೆಗಳ ವಿವರ ಬರೆದು ಹವಾಮಾನ ಇಲಾಖೆಗಳಿಗೆ ಕಳಿಸುತ್ತಾರೆ. ಕಡಲ ಮೇಲ್ಮೈಯ ನೊರೆ ಮತ್ತು ತೆರೆಗಳ ರೂಪ ನೋಡಿ ಗಾಳಿಯ ಬಲವನ್ನು ಸೊನ್ನೆಯಿಂದ ಹನ್ನೆರಡರವರೆಗೆ ಅಂದಾಜಿಸುವ ಬ್ಯೂಫೋರ್ಟ್ ಮಾಪನ 1805ರಷ್ಟು ಹಳೆಯದಾದರೂ ಪಠ್ಯದಿಂದ ಮರೆಯಾಗಿಲ್ಲ.

ಓದಿನ ದಾರಿಯ ಬಗ್ಗೆ ಮೊದಲೇ ತಿಳಿದಿರಬೇಕಾದ ಮಾತೆಂದರೆ, ಸಾಗರವಿಜ್ಞಾನ ಎಂಬ ಹೆಸರಿನ ಬಿಎಸ್ಸಿಯನ್ನು ಹುಡುಕುತ್ತ ಅಲೆಯುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ ಈ ಓದು ಬಹುಮಟ್ಟಿಗೆ ಶುರುವಾಗುವುದು ಎಂಎಸ್ಸಿಯಿಂದ. ನಿರ್ಣಯ ಆಗುವುದು ಮಾತ್ರ ಪಿಯುಸಿಯಲ್ಲಿ, ಗಣಿತ ಉಳಿಸಿಕೊಳ್ಳುವುದೋ ಬಿಡುವುದೋ ಎಂಬಲ್ಲಿ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿ, ಹೊಸಪೇಟೆಯ ವಿಜಯನಗರ ಕಾಲೇಜಿನಲ್ಲೋ ಬಳ್ಳಾರಿಯ ವೀರಶೈವ ಕಾಲೇಜಿನಲ್ಲೋ ಅವೇ ವಿಷಯಗಳಲ್ಲಿ ಬಿಎಸ್ಸಿ ಮುಗಿಸಿದವರಿಗೆ ಭೌತ ಸಾಗರವಿಜ್ಞಾನ, ಹವಾಮಾನಶಾಸ್ತ್ರ ಎರಡರ ಬಾಗಿಲೂ ತೆರೆದಿರುತ್ತದೆ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ತನ್ನದೇ ಪ್ರವೇಶ ಪರೀಕ್ಷೆ ನಡೆಸಿ ಸಾಗರವಿಜ್ಞಾನ, ಹವಾಮಾನಶಾಸ್ತ್ರಗಳ ಎಂಎಸ್ಸಿಗೆ ಸೇರಿಸಿಕೊಳ್ಳುತ್ತದೆ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದ ಪರಂಪರೆ ಇನ್ನೂ ಹಳೆಯದು. 1952ರಲ್ಲಿ ಅಮೆರಿಕದ ಸಾಗರವಿಜ್ಞಾನಿ ಯೂಜಿನ್ ಲಫಾಂಡ್ ಅಲ್ಲಿಗೆ ಬಂದು ಬಂಗಾಳ ಕೊಲ್ಲಿಯ ಅಳತೆಗಳನ್ನು ಶುರುಮಾಡಿಸಿದ್ದರಿಂದ ದೇಶದ ಮೊದಲ ತಲೆಮಾರಿನ ಅನೇಕ ಸಾಗರವಿಜ್ಞಾನಿಗಳು ಅಲ್ಲಿ ತಯಾರಾದರು. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಭೂಮಿ, ಸಾಗರ ಮತ್ತು ವಾತಾವರಣ ವಿಜ್ಞಾನಗಳ ಕೇಂದ್ರವಿದೆ.

ಕರ್ನಾಟಕದ ಕರಾವಳಿಯ ಸಂಸ್ಥೆಗಳು ಬೆಳೆಸಿದ್ದು ಬೇರೆ ಕವಲುಗಳನ್ನು. ಕಾಳಿ ನದಿ ಕಡಲು ಸೇರುವ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನವಿದೆ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಬಂದರು, ಅಲೆತಡೆಗೋಡೆಗಳಂತಹ ಕಡಲ ಕಟ್ಟಡಗಳ ಎಂಜಿನಿಯರಿಂಗ್ ಇದೆ. 320 ಕಿಲೋಮೀಟರಿನಷ್ಟು ಕಡಲತೀರವಿರುವ ರಾಜ್ಯದಲ್ಲಿ ಕಡಲ ಚಲನೆ ಮತ್ತು ಹವೆಯನ್ನು ಕಲಿಸುವ ಭೌತ ಕವಲು ಕರಾವಳಿಯ ಈ ವಿಶ್ವವಿದ್ಯಾಲಯಗಳಲ್ಲಿ ಬೇರೂರದೆ, ಅದನ್ನು ಬಯಸುವ ವಿದ್ಯಾರ್ಥಿಗಳು ಕೊಚ್ಚಿಗೋ ವಿಶಾಖಪಟ್ಟಣಕ್ಕೋ ಹೋಗಬೇಕಾಗಿರುವುದು ಸಮಾಧಾನದ ಸಂಗತಿಯಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಹವಾಗುಣ ವಿಜ್ಞಾನದ ಎಂಟೆಕ್ ಮತ್ತು ಪಿಎಚ್‌ಡಿ ಇವೆಯಾದರೂ ಅಲ್ಲಿ ಸೀಟುಗಳು ಬೆರಳೆಣಿಕೆಯವು.

ಪಿಯುಸಿ ಮುಗಿದ ಕೂಡಲೇ ಕಡಲ ಓದಿಗೆ ಇಳಿಯಬೇಕೆನ್ನುವವರಿಗೆ 1969ರಲ್ಲಿ ಶುರುವಾದ, ದೇಶದಲ್ಲೇ ಮೊದಲನೆಯದಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ. ಈಗ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿರುವ ಅಲ್ಲಿನ ನಾಲ್ಕು ವರ್ಷದ ಬಿಎಫ್‌ಎಸ್ಸಿಯಲ್ಲಿ ಹವಾಮಾನಶಾಸ್ತ್ರವೂ ಸಾಗರವಿಜ್ಞಾನವೂ ಪಾಠಗಳಾಗಿವೆ. ಸಿಇಟಿ ಮೂಲಕ ನಡೆಯುವ ಈ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕಾಗುತ್ತದೆ; ಸಂವಿಧಾನದ 371(ಜೆ) ವಿಧಿಯಡಿ ಬಳ್ಳಾರಿ, ವಿಜಯನಗರ ಜಿಲ್ಲೆಗಳೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟು ಮೀಸಲಿದೆ. ಗದ್ದೆಯಲ್ಲಿ ದುಡಿದು ಬಲ್ಲ ಎಮ್ಮಿಗನೂರಿನ ಹುಡುಗರಿಗೆ ಈ ಎರಡೂ ಅನುಕೂಲಗಳ ಸುದ್ದಿ ಎಷ್ಟೋ ಸಲ ಅರ್ಜಿಯ ಗಡುವು ಮುಗಿದ ಮೇಲೆ ತಲುಪುತ್ತದೆ. ಇನ್ನು ಮರ್ಚೆಂಟ್ ನೇವಿಯ ಓದನ್ನು ಇದರೊಂದಿಗೆ ಬೆರೆಸಬಾರದು. ಚೆನ್ನೈಯಲ್ಲಿ 2008ರಲ್ಲಿ ಸ್ಥಾಪನೆಯಾದ ಭಾರತೀಯ ಕಡಲಯಾನ ವಿಶ್ವವಿದ್ಯಾಲಯದ ನೌಕಾವಿಜ್ಞಾನ ಬಿಎಸ್ಸಿಯಲ್ಲಿ ಕಡಲ ಹವಾಮಾನಶಾಸ್ತ್ರ ಒಂದು ಪಾಠವಾಗಿದ್ದರೂ ಅದು ಹಡಗು ನಡೆಸುವವರನ್ನು ತಯಾರಿಸುವ ಓದೇ ಹೊರತು ಸಂಶೋಧಕರನ್ನಲ್ಲ. ಅದಕ್ಕೆ ಕಣ್ಣಿನ ದೃಷ್ಟಿಯ ಪರೀಕ್ಷೆಯೂ ಕಟ್ಟುನಿಟ್ಟು, ಖರ್ಚೂ ಹೆಚ್ಚು.

ಗಣಿತ ಹಿಡಿಸದ, ಕಲ್ಲು ಮಣ್ಣಿನಲ್ಲಿ ಆಸಕ್ತಿಯಿರುವವರಿಗೆ ಭೂವಿಜ್ಞಾನದ ದಾರಿ ಇದೆ, ಅದಕ್ಕೆ ಸಂಡೂರಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಲಾರಿಗಳಲ್ಲಿ, ಗೂಡ್ಸ್ ರೈಲುಗಳಲ್ಲಿ ಸಾಗುವ ಅಲ್ಲಿನ ಕಬ್ಬಿಣದ ಅದಿರಿನ ಮೂಲ ಪದರಗಳು ಕೂತದ್ದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಡಲೊಂದರ ತಳದಲ್ಲಿ. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇದ್ದ ಆ ಕಾಲದ ಕಡಲಿನಲ್ಲಿ ಕಬ್ಬಿಣ ಕರಗಿದ ರೂಪದಲ್ಲಿದ್ದು, ಕ್ರಮೇಣ ಒತ್ತರಿಸಿ ಸಿಲಿಕಾದ ಪದರಗಳೊಂದಿಗೆ ಪಟ್ಟೆಪಟ್ಟೆಯಾಗಿ ತಳಕ್ಕಿಳಿಯಿತು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಟೊಲೈಟ್ ಎಂಬ ಕಲ್ಲಿನ ರಚನೆಗಳು ಸಂಡೂರಿನ ಶಿಲಾಪಟ್ಟಿಯಲ್ಲಿ ಸಿಕ್ಕಿರುವುದನ್ನು 1980ರ ದಶಕದಲ್ಲಿ ಭೂವಿಜ್ಞಾನಿಗಳು ವರದಿ ಮಾಡಿದ್ದಾರೆ. ಗಣಿಗಾರಿಕೆಯ ಗದ್ದಲದಲ್ಲಿ ಈ ಸಾಕ್ಷ್ಯಗಳಲ್ಲಿ ಎಷ್ಟು ಉಳಿಯುತ್ತವೆ ಎಂಬುದು ಬೇರೆಯೇ ಚರ್ಚೆ.

ಓದಿದವರಿಗೆ ಕೆಲಸವೆಲ್ಲಿ ಎಂಬ ಪ್ರಶ್ನೆಗೆ ನೇರ ಉತ್ತರವೆಂದರೆ, ಬಹುಪಾಲು ಹುದ್ದೆಗಳು ಸರ್ಕಾರದವು, ಸಂಖ್ಯೆಯಲ್ಲಿ ಕಡಿಮೆ, ಸ್ಪರ್ಧೆ ಹೆಚ್ಚು. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಬೆನ್ನಿಗೆ 1966ರ ಜನವರಿ 1ರಂದು ಹುಟ್ಟಿದ, ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗೆ ಸೇರಬೇಕಾದರೆ ಭೂಮಿ, ವಾತಾವರಣ, ಸಾಗರ ಮತ್ತು ಗ್ರಹವಿಜ್ಞಾನ ವಿಷಯದ ನೆಟ್ ಪರೀಕ್ಷೆಯನ್ನು ಫೆಲೋಶಿಪ್ಪಿನೊಂದಿಗೆ ದಾಟುವುದು ಮಾಮೂಲಿನ ಹೆದ್ದಾರಿ. ಹೊಸಪೇಟೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ವಾಸ್ಕೋದಲ್ಲಿ ಇಳಿಯಬಹುದಾದ್ದರಿಂದ ಆ ಸಂಸ್ಥೆ ಈ ಸೀಮೆಗೆ ದೂರದ್ದೇನಲ್ಲ. 1999ರಲ್ಲಿ ಶುರುವಾದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಸುನಾಮಿ ಎಚ್ಚರಿಕೆ, ಅಲೆಗಳ ಮುನ್ಸೂಚನೆಗಳ ಜೊತೆಗೆ, ಕಡಲ ಮೇಲ್ಮೈಯ ಉಷ್ಣತೆ ಮತ್ತು ಹಸಿರು ಪಾಚಿಯ ಬಣ್ಣವನ್ನು ಉಪಗ್ರಹದಿಂದ ನೋಡಿ ಬೂತಾಯಿ, ಬಂಗುಡೆಯಂತಹ ಮೀನಿನ ಹಿಂಡು ಇರಬಹುದಾದ ಜಾಗಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕ ಹುದ್ದೆಗಳಿಗೆ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಯನ್ನು ಭೌತಶಾಸ್ತ್ರ ಓದಿದ ಬಿಎಸ್ಸಿ ಪದವೀಧರರೂ ಬರೆಯಬಹುದು. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ನಿಲ್ಲಿಸಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಇಂತಹ ಓದಿನವರಿಗೆ ಒಗ್ಗುವ ಜಾಗ.

ಈ ಎಲ್ಲ ಕಡೆ ಈಗ ಪ್ರಶ್ನೆಪತ್ರಿಕೆಯಲ್ಲಿ ಬಾರದ ಒಂದು ಕೌಶಲವನ್ನು ಬಯಸುತ್ತಾರೆ, ಅದು ಕಂಪ್ಯೂಟರಿನಲ್ಲಿ ದೊಡ್ಡ ಅಂಕಿಅಂಶಗಳನ್ನು ಬಿಡಿಸಿ ನೋಡಬಲ್ಲ ಕೌಶಲ. ಅದನ್ನು ಕಲಿಯಲು ಕಡಲತೀರದ ಕಾಲೇಜೇ ಬೇಕೆಂದಿಲ್ಲ. ಆರ್ಗೊ ಯಂತ್ರಗಳು ಕಳಿಸುವ ಅಳತೆಗಳೆಲ್ಲ ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಲು ಸಿಗುತ್ತವೆ. ಕಡಲ ಮೇಲ್ಮೈಯ ಉಷ್ಣತೆಯ ಉಪಗ್ರಹ ದಾಖಲೆಗಳೂ ಹಾಗೆಯೇ. ತುಂಗಭದ್ರಾ ಮಂಡಳಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳನ್ನು ದಿನವೂ ಪ್ರಕಟಿಸುತ್ತದೆ, ಪತ್ರಿಕೆಗಳು ಅದನ್ನು ಅಚ್ಚು ಹಾಕುತ್ತವೆ. ಬಿಎಸ್ಸಿ ಓದುತ್ತಿರುವಾಗಲೇ ಕಡಲಿನ ಮತ್ತು ಡ್ಯಾಮಿನ ಇಂತಹ ದಾಖಲೆಗಳನ್ನು ಮುಂದಿಟ್ಟುಕೊಂಡು, ಜೂನ್ ಜುಲೈ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಮೇಲಿನ ಗಾಳಿ ಬಲಗೊಂಡ ಎಷ್ಟು ದಿನಕ್ಕೆ ಡ್ಯಾಮಿನ ಒಳಹರಿವು ಏರುತ್ತದೆಂದು ಹತ್ತಿಪ್ಪತ್ತು ವರ್ಷಗಳ ಲೆಕ್ಕ ತೆಗೆದ ವಿದ್ಯಾರ್ಥಿ, ಎಂಎಸ್ಸಿಯ ಸಂದರ್ಶನಕ್ಕೆ ಹೋದಾಗ ಹೇಳಿಕೊಳ್ಳಲು ತನ್ನದೇ ಕೆಲಸವೊಂದನ್ನು ಇಟ್ಟುಕೊಂಡಿರುತ್ತಾನೆ. ಅಂತಹ ಲೆಕ್ಕಕ್ಕೆ ಒಂದು ಸಾಧಾರಣ ಲ್ಯಾಪ್‌ಟಾಪೂ, ಸಂಖ್ಯಾಶಾಸ್ತ್ರದ ಮೊದಲ ಪಾಠಗಳೂ, ಒಂದು ಮಳೆಗಾಲದ ತಾಳ್ಮೆಯೂ ಸಾಕು.